ರ‍್ಯಾಕ್ ಕೊಳ್ಳುವ ಮೊದಲು ಪ್ಯಾಲೆಟ್ ಅಳೆಯಿರಿ

ಸಣ್ಣ ಮತ್ತು ಮಧ್ಯಮ ಗಾತ್ರದ ಗೋದಾಮು ನಡೆಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ, ತೆರಿಗೆಯ ಕಾರಣಕ್ಕೆ ರಾಜ್ಯಕ್ಕೊಂದು ಸಣ್ಣ ಡಿಪೊ ಇಟ್ಟುಕೊಳ್ಳುವ ಅಗತ್ಯ ಕಡಿಮೆಯಾಯಿತು. ನಾಲ್ಕು ಕಡೆ ಚದುರಿದ್ದ ದಾಸ್ತಾನು ಒಂದೇ ದೊಡ್ಡ ಶೆಡ್ಡಿಗೆ ಬರತೊಡಗಿತು. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಅತ್ತಿಬೆಲೆ ಕಡೆ ಹೋದರೆ ಈ ಶೆಡ್ಡುಗಳು ಸಾಲಾಗಿ ಕಾಣುತ್ತವೆ. ಎತ್ತರ 9 ಮೀಟರ್, ಕೆಲವು ಕಡೆ 12 ಮೀಟರ್. ಒಳಗೆ ಹೋಗಿ ನೋಡಿದರೆ ಎಷ್ಟೋ ಕಡೆ ಮಾಲು ನಿಂತಿರುವುದು ಹಮಾಲರ ಕೈ ಎಟಕುವಷ್ಟು ಎತ್ತರಕ್ಕೆ ಮಾತ್ರ. ಬಾಡಿಗೆ ನೆಲಕ್ಕೆ ಕೊಡುತ್ತೀರಿ, ನಿಜ. ಆದರೆ ಆ ಬಾಡಿಗೆಯಲ್ಲಿ ಎತ್ತರದ ಬೆಲೆಯೂ ಸೇರಿಕೊಂಡಿದೆ.

ಆಗ ಮಾಲೀಕರು ಮಾಲನ್ನು ಹಂತಹಂತವಾಗಿ ಇಡುವ ಉಕ್ಕಿನ ಚೌಕಟ್ಟು, ಅಂದರೆ ರ‍್ಯಾಕ್ ಮಾರುವವರಿಗೆ ಫೋನ್ ಮಾಡುತ್ತಾರೆ. ಅವರು ಶೆಡ್ಡಿನ ಉದ್ದ ಅಗಲ ಎತ್ತರ ಕೇಳಿ, ಎರಡು ದಿನದಲ್ಲಿ ಡ್ರಾಯಿಂಗ್ ಮತ್ತು ಕೊಟೇಶನ್ ಕಳಿಸುತ್ತಾರೆ. ಮೂರು ಕೊಟೇಶನ್ ತರಿಸಿ ಕಡಿಮೆಯದಕ್ಕೆ ಆರ್ಡರ್ ಹಾಕುತ್ತೀರಿ. ಎಡವುವುದು ಇಲ್ಲಿಯೇ. ಮೊದಲು ಸರಕು, ಆಮೇಲೆ ಅದರ ಓಡಾಟ, ಆಮೇಲೆ ಫೋರ್ಕ್‌ಲಿಫ್ಟ್, ಆಮೇಲೆ ನೆಲ, ಕೊನೆಗೆ ರ‍್ಯಾಕ್. ಈ ಸರದಿಯಲ್ಲೇ ತೀರ್ಮಾನ ಆಗಬೇಕು. ಮೊದಲ ನಾಲ್ಕು ಸರಿಯಾಗಿ ಬರೆದಿಟ್ಟರೆ ಐದನೆಯದು ಹೆಚ್ಚು ಕಡಿಮೆ ತಾನಾಗಿಯೇ ಹೊರಬೀಳುತ್ತದೆ.

ಸರಕನ್ನು ಅಳೆಯುವುದು

ಪ್ಯಾಲೆಟ್ ಅಂದರೆ ಮಾಲು ಪೇರಿಸಿ ಗಾಡಿಯಿಂದ ಎತ್ತಲು ಬಳಸುವ ಮರದ ಹಲಗೆಯ ಮಣೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ಯಾಲೆಟ್ 1200 × 1000 ಮಿ.ಮೀ. ಯುರೋಪಿನಿಂದ ಮಾಲು ಬರುವ ಕಡೆ 1200 × 800 ಕೂಡ ಸೇರಿಕೊಂಡಿರುತ್ತದೆ. ಎರಡೂ ಇದ್ದರೆ ಮೊದಲೇ ಹೇಳಿ, ಏಕೆಂದರೆ ಒಂದಕ್ಕಾಗಿ ಮಾಡಿದ ಅಂಕಣದಲ್ಲಿ, ಅಂದರೆ ಎರಡು ಕಂಬಗಳ ನಡುವಿನ ಖಾನೆಯಲ್ಲಿ, ಇನ್ನೊಂದು ಕೂತರೂ ಜಾಗ ಪೋಲಾಗುತ್ತದೆ.

ಅಳೆಯಬೇಕಾದ್ದು ಖಾಲಿ ಪ್ಯಾಲೆಟ್ಟನ್ನಲ್ಲ, ತುಂಬಿದ ಪ್ಯಾಲೆಟ್ಟನ್ನು. ಚೀಲದ ಮಾಲಾದರೆ ಪೇರಿಸಿ ಒಂದು ದಿನ ಬಿಟ್ಟು ಅಳೆಯಿರಿ. ಪಶು ಆಹಾರ, ರಸಗೊಬ್ಬರ, ಹಿಟ್ಟಿನ ಚೀಲಗಳು ಪೇರಿಸಿದಾಗ ಸರಿಯಾಗಿದ್ದು, ಮರುದಿನ ತಮ್ಮ ಭಾರಕ್ಕೇ ಕುಸಿದು ಎರಡೂ ಬದಿಗೆ ಉಬ್ಬುತ್ತವೆ. ಬದಿಗೆ 60 ಮಿ.ಮೀ. ಉಬ್ಬಿದರೆ 1000 ಮಿ.ಮೀ. ಮುಖದ ಪ್ಯಾಲೆಟ್ 1120 ಆಯಿತು. ಇದರ ಪರಿಣಾಮ ಎಲ್ಲಿಗೆ ಹೋಗುತ್ತದೆ ನೋಡಿ. ಒಂದು ಅಂಕಣದಲ್ಲಿ ಎರಡು ಪ್ಯಾಲೆಟ್ ಇಡುವಾಗ ಕಂಬಕ್ಕೂ ಪ್ಯಾಲೆಟ್ಟಿಗೂ ನಡುವೆ 75, ಎರಡು ಪ್ಯಾಲೆಟ್ಟುಗಳ ನಡುವೆ 75, ಮತ್ತೆ ಆ ಕಡೆಯ ಕಂಬಕ್ಕೆ 75 ಮಿ.ಮೀ. ಬಿಡಬೇಕು. ನೇರ ಮುಖದ ಪೆಟ್ಟಿಗೆ ಮಾಲಿಗೆ 2000 ಕೂಡಿಸು 225, ಅಂದರೆ 2225. ಮಾರುಕಟ್ಟೆಯಲ್ಲಿ ಸಿಗುವ 2300ರ ಬೀಮ್, ಅಂದರೆ ಕಂಬದಿಂದ ಕಂಬಕ್ಕೆ ಹೋಗುವ, ಪ್ಯಾಲೆಟ್ ಹೊರುವ ಅಡ್ಡಪಟ್ಟಿ, ಸಾಕು. ಉಬ್ಬಿದ ಚೀಲಕ್ಕೆ 2240 ಕೂಡಿಸು 225, 2465. ಅದಕ್ಕೆ 2500ರ ಬೀಮ್ ಬೇಕು. 2300ರಲ್ಲೇ ತುರುಕಿದರೆ ಉಳಿಯುವುದು ಮೂರೂ ಸಂದು ಸೇರಿ 60 ಮಿ.ಮೀ. ಆಪರೇಟರ್ ಎಷ್ಟೇ ಪಳಗಿದವನಾಗಿರಲಿ, ನಾಲ್ಕನೇ ಹಂತಕ್ಕೆ ತಲೆಯೆತ್ತಿ ನೋಡುತ್ತ ಬದಿಗೆ 20 ಮಿ.ಮೀ. ಬಿಟ್ಟು ಪ್ಯಾಲೆಟ್ ಇಡಲಾರ. ಚೀಲ ಕಂಬಕ್ಕೆ ಉಜ್ಜುತ್ತದೆ, ಹರಿಯುತ್ತದೆ. ಚೀಲ ಹರಿದದ್ದು ಕಾಣುತ್ತದೆ, ಕಂಬ ದಿನಾ ಪೆಟ್ಟು ತಿನ್ನುವುದು ಕಾಣುವುದಿಲ್ಲ.

ಇನ್ನು ತೂಕ. ಸರಾಸರಿ ತೂಕ ಕೊಡಬೇಡಿ. ಅತಿ ಭಾರದ ಪ್ಯಾಲೆಟ್ಟಿನ ತೂಕ ಕೊಡಿ, ಅದರಲ್ಲಿ ಪ್ಯಾಲೆಟ್ಟಿನದೇ 20-25 ಕೆ.ಜಿ. ಸೇರಿರಲಿ. ಸರಾಸರಿ 600 ಕೆ.ಜಿ. ಇದ್ದು ಹತ್ತರಲ್ಲಿ ಒಂದು 1000 ಕೆ.ಜಿ. ಇದ್ದರೆ, ಆ ಒಂದು ಎಲ್ಲಿ ಹೋಗಿ ಕೂರುತ್ತದೆ ಎಂದು ರಾತ್ರಿ ಪಾಳಿಯವರನ್ನು ಯಾರೂ ಕೇಳುವುದಿಲ್ಲ.

ಎಷ್ಟು ಐಟಂ, ಒಂದೊಂದರಲ್ಲಿ ಎಷ್ಟು

ಆಯ್ಕೆಯನ್ನು ನಿರ್ಧರಿಸುವ ಸಂಖ್ಯೆ ಒಟ್ಟು ಪ್ಯಾಲೆಟ್ ಎಷ್ಟು ಎಂಬುದಲ್ಲ, ಒಂದೊಂದು ಐಟಂನಲ್ಲಿ ಎಷ್ಟು ಎಂಬುದು. ಎರಡು ಗೋದಾಮುಗಳನ್ನು ಕಲ್ಪಿಸಿಕೊಳ್ಳಿ, ಎರಡರಲ್ಲೂ 1000 ಪ್ಯಾಲೆಟ್. ಒಂದರಲ್ಲಿ 200 ಐಟಂ, ತಲಾ 5 ಪ್ಯಾಲೆಟ್. ಇನ್ನೊಂದರಲ್ಲಿ 10 ಐಟಂ, ತಲಾ 100 ಪ್ಯಾಲೆಟ್. ಮೊದಲನೆಯದಕ್ಕೆ ಪ್ರತಿ ಪ್ಯಾಲೆಟ್ಟೂ ನೇರವಾಗಿ ಕೈಗೆ ಸಿಗಬೇಕು. ಎರಡನೆಯದಕ್ಕೆ ಒಂದರ ಹಿಂದೆ ಒಂದು ಇಟ್ಟರೂ ನಡೆಯುತ್ತದೆ. ಒಂದೇ ಶೆಡ್ಡು, ಒಂದೇ ಸಂಖ್ಯೆ, ಆದರೆ ವ್ಯವಸ್ಥೆ ಬೇರೆ.

ಆದ್ದರಿಂದ ಕೊಟೇಶನ್ ಕೇಳುವ ಮೊದಲು ಟ್ಯಾಲಿಯಿಂದಲೋ ಎಕ್ಸೆಲ್‌ನಿಂದಲೋ ಒಂದು ವರ್ಷದ ಲೆಕ್ಕ ತೆಗೆಯಿರಿ. ಐಟಂವಾರು ದಾಸ್ತಾನು, ತಿಂಗಳ ಕೊನೆಯದಲ್ಲ, ತಿಂಗಳೊಳಗಿನ ಗರಿಷ್ಠ. ದಿನಕ್ಕೆ ಎಷ್ಟು ಪ್ಯಾಲೆಟ್ ಒಳಗೆ, ಎಷ್ಟು ಹೊರಗೆ. ಹೊರಗೆ ಹೋಗುವುದು ಇಡೀ ಪ್ಯಾಲೆಟ್ಟೋ, ಪೆಟ್ಟಿಗೆಯೋ, ಬಿಡಿ ಪೀಸೋ. ಹಳೆಯದು ಮೊದಲು ಹೋಗಲೇಬೇಕೋ, ಅಥವಾ ಔಷಧ, ತಿನಿಸು, ಬಿತ್ತನೆ ಬೀಜದ ಹಾಗೆ ಅವಧಿ ಮುಗಿಯುವ ದಿನಾಂಕದ ಪ್ರಕಾರ ಹೋಗಬೇಕೋ. ಟೈಲ್ಸ್, ಪೇಂಟ್, ಬಟ್ಟೆಗೆ ಬ್ಯಾಚ್ ನಂಬರ್ ಮುಖ್ಯ. ಒಂದು ಮನೆಗೆ ಎರಡು ಬ್ಯಾಚಿನ ಟೈಲ್ಸ್ ಹೋದರೆ ಬಣ್ಣ ಹೊಂದುವುದಿಲ್ಲ. ಆಗ ಒಂದೇ ಡಿಸೈನಿನ ಮೂರು ಬ್ಯಾಚನ್ನು ಮೂರು ಐಟಂ ಎಂದೇ ಎಣಿಸಿ.

ಓಣಿಯ ಅಗಲ, ಅಂದರೆ ಫೋರ್ಕ್‌ಲಿಫ್ಟ್

ಸಾಲುಗಳ ನಡುವಿನ ಓಣಿಯ ಅಗಲವನ್ನು ನಿರ್ಧರಿಸುವುದು ಗಾಡಿ. ಹಿಂದೆ ಸಮತೂಕದ ಭಾರವಿರುವ ಮಾಮೂಲಿ ಕೌಂಟರ್‌ಬ್ಯಾಲೆನ್ಸ್ ಫೋರ್ಕ್‌ಲಿಫ್ಟಿಗೆ 3.5ರಿಂದ 4 ಮೀಟರ್ ಬೇಕು. ಫೋರ್ಕನ್ನು ಮುಂದಕ್ಕೆ ಚಾಚಿ ಹಿಂದೆಳೆಯುವ ರೀಚ್ ಟ್ರಕ್ಕಿಗೆ 2.7ರಿಂದ 3 ಮೀಟರ್. ಮೂತಿ ತಿರುಗುವ ಆರ್ಟಿಕ್ಯುಲೇಟೆಡ್ ಟ್ರಕ್ಕಿಗೆ ಸುಮಾರು 2 ಮೀಟರ್. ತೀರ ಕಿರಿದಾದ ಓಣಿಗೆಂದೇ ಮಾಡಿದ ಟ್ರಕ್ 1.6-1.8 ಮೀಟರಿನಲ್ಲಿ ಓಡಾಡುತ್ತದೆ, ಆದರೆ ಅದಕ್ಕೆ ದಾರಿ ತೋರಿಸುವ ಹಳಿ ಅಥವಾ ನೆಲದೊಳಗಿನ ತಂತಿ ಬೇಕು, ನೆಲ ಕನ್ನಡಿಯಷ್ಟು ಸಮ ಇರಬೇಕು. ನಿಖರ ಅಳತೆ ಗಾಡಿಯ ಮಾಡೆಲ್ಲಿನ ಡೇಟಾ ಶೀಟಿನಲ್ಲಿ ಇರುತ್ತದೆ, ನಿಮ್ಮ ಪ್ಯಾಲೆಟ್ ಅಳತೆಗೆ ಎಷ್ಟು ಎಂದು ನೋಡಿಕೊಳ್ಳಿ. ಅದು ಪ್ಯಾಲೆಟ್ಟಿನಿಂದ ಪ್ಯಾಲೆಟ್ಟಿಗೆ ಇರುವ ಅಂತರ, ಕಂಬದಿಂದ ಕಂಬಕ್ಕಲ್ಲ. ಪ್ಯಾಲೆಟ್ ರ‍್ಯಾಕಿನಿಂದ ಓಣಿಯ ಕಡೆಗೆ 100 ಮಿ.ಮೀ. ಚಾಚಿರುತ್ತದೆ. ಎರಡೂ ಕಡೆ ಸೇರಿ 200 ಮಿ.ಮೀ. ಈ ಗೊಂದಲದಿಂದಲೇ ಮಾಯವಾಗುತ್ತದೆ.

ಒಂದು ಲೆಕ್ಕ ಪೂರ್ತಿ ಮಾಡೋಣ. ಶೆಡ್ 30 ಮೀಟರ್ ಅಗಲ, 60 ಮೀಟರ್ ಉದ್ದ, ಸುಮಾರು 19,375 ಚದರಡಿ. ಲಾರಿ ಬಂದು ನಿಲ್ಲುವ ಡಾಕ್ ಬಾಗಿಲ ಬಳಿ ಮಾಲು ಇಳಿಸಿ ಎಣಿಸಲು 12 ಮೀಟರ್ ಬಿಡೋಣ. ಇದನ್ನು ಉಳಿಸಲು ಹೋಗಬೇಡಿ. ಇಲ್ಲಿ ಜಾಗ ಕಡಿಮೆಯಾದರೆ ಮಾಲು ಓಣಿಯಲ್ಲಿ ನಿಲ್ಲುತ್ತದೆ, ಓಣಿ ಕಟ್ಟಿಕೊಂಡರೆ ರ‍್ಯಾಕ್ ಇದ್ದೂ ಇಲ್ಲದ ಹಾಗೆ. ಉಳಿದ 48 ಮೀಟರಿನಲ್ಲಿ ಉದ್ದಕ್ಕೆ ಸಾಲುಗಳು. 2300ರ ಬೀಮ್, 100ರ ಕಂಬ, ಅಂಕಣಕ್ಕೆ 2.4 ಮೀಟರ್. ಸಾಲಿಗೆ 18 ಅಂಕಣ ಹಾಕಿದರೆ 43.3 ಮೀಟರ್, ಹಿಂದೆ ಗಾಡಿ ತಿರುಗಲು ಮತ್ತು ಜನ ಹೊರಬೀಳಲು 4.7 ಮೀಟರ್ ಉಳಿಯುತ್ತದೆ. ಒಂದು ಸಾಲಿನ ಒಂದು ಹಂತದಲ್ಲಿ 36 ಪ್ಯಾಲೆಟ್.

ಈಗ ಅಗಲಕ್ಕೆ ಎಷ್ಟು ಸಾಲು? ಪ್ಯಾಲೆಟ್ ಆಳ 1.2 ಮೀಟರ್, ಬೆನ್ನಿಗೆ ಬೆನ್ನು ನಿಂತ ಎರಡು ಸಾಲುಗಳ ಪ್ಯಾಲೆಟ್ಟುಗಳ ನಡುವೆ 15 ಸೆಂ.ಮೀ. ಕೌಂಟರ್‌ಬ್ಯಾಲೆನ್ಸಿಗೆ 3.8 ಮೀಟರ್ ಓಣಿ ಕೊಟ್ಟರೆ 4 ಓಣಿ, 8 ಸಾಲು. ರೀಚ್ ಟ್ರಕ್ಕಿಗೆ 2.8 ಕೊಟ್ಟರೆ 5 ಓಣಿ, 10 ಸಾಲು. ಆರ್ಟಿಕ್ಯುಲೇಟೆಡ್‌ಗೆ 2 ಮೀಟರ್ ಕೊಟ್ಟರೆ 6 ಓಣಿ, 12 ಸಾಲು. ನಾಲ್ಕು ಹಂತ ಎಂದು ಹಿಡಿದರೆ ಕ್ರಮವಾಗಿ 1152, 1440, 1728 ಪ್ಯಾಲೆಟ್. ರ‍್ಯಾಕ್ ಮೂರರಲ್ಲೂ ಪ್ರತಿ ಪ್ಯಾಲೆಟ್ಟೂ ನೇರ ಕೈಗೆ ಸಿಗುವ ಅದೇ ಸಾದಾ ಸೆಲೆಕ್ಟಿವ್ ರ‍್ಯಾಕ್. ಗಾಡಿ ಬದಲಾಯಿತು, ಅಷ್ಟೆ.

ಬಾಡಿಗೆ ಚದರಡಿಗೆ ತಿಂಗಳಿಗೆ 25 ರೂಪಾಯಿ ಎಂದಿಟ್ಟುಕೊಂಡರೆ ಒಂದು ಪ್ಯಾಲೆಟ್ ಜಾಗಕ್ಕೆ ಬೀಳುವುದು ಸುಮಾರು 420, 336, 280 ರೂಪಾಯಿ. ನಿಮ್ಮ ಬಾಡಿಗೆ ಹಾಕಿ ನೀವೇ ಗುಣಿಸಿ ನೋಡಿ. ರೀಚ್ ಟ್ರಕ್ಕಿನ ಹೆಚ್ಚುವರಿ ಬೆಲೆಗೆ ಈ ವ್ಯತ್ಯಾಸ ಎಷ್ಟು ತಿಂಗಳಲ್ಲಿ ಸಮವಾಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆದರೆ ಎರಡು ವಿಷಯ ಮರೆಯಬಾರದು. ರೀಚ್ ಟ್ರಕ್ಕಿನ ಚಕ್ರ ಸಣ್ಣವು, ಗಟ್ಟಿಯವು. ಅದು ಅಂಗಳಕ್ಕೆ ಇಳಿಯಲಾರದು, ಒಡೆದ ನೆಲದ ಮೇಲೆ ಓಡಲಾರದು. ಲಾರಿಯಿಂದ ಇಳಿಸಲು ಬೇರೆ ಗಾಡಿ ಬೇಕಾಗುತ್ತದೆ. ಇನ್ನೊಂದು, ಗಾಡಿಯ ಹೆಸರಿನ ಜತೆ ಬರುವ 1.5 ಟನ್ ಕೆಳಹಂತದ ಮಾತು. ಗಾಡಿಯ ಎತ್ತುವ ಕಂಬ, ಅಂದರೆ ಮಾಸ್ಟ್, ಮೇಲೇರಿದ ಹಾಗೆ ಎತ್ತುವ ಶಕ್ತಿ ಇಳಿಯುತ್ತದೆ. ಮೇಲಿನ ಬೀಮಿನ ಎತ್ತರದಲ್ಲಿ ಎಷ್ಟು ಎತ್ತುತ್ತದೆ ಎಂದು ಗಾಡಿಯ ಮೇಲಿನ ತಗಡಿನ ಫಲಕದಲ್ಲಿ ಓದಿ.

ಎತ್ತರದ ಲೆಕ್ಕ

ಶೆಡ್ 9 ಮೀಟರ್ ಎಂದರೆ 9 ಮೀಟರ್ ಸಿಗುವುದಿಲ್ಲ. ಬೆಂಕಿ ಬಿದ್ದಾಗ ಮೇಲಿಂದ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದರೆ ನೀರು ಛತ್ರಿಯಂತೆ ಹರಡಲು ಮಾಲಿನ ತಲೆಯ ಮೇಲೆ ಖಾಲಿ ಜಾಗ ಬೇಕು. ಸಾಧಾರಣ ಸ್ಪ್ರಿಂಕ್ಲರಿಗೆ ಕನಿಷ್ಠ 457 ಮಿ.ಮೀ., ದೊಡ್ಡ ಗೋದಾಮುಗಳಲ್ಲಿ ಹಾಕುವ, ಬೆಂಕಿಯನ್ನು ಆರಂಭದಲ್ಲೇ ಹತ್ತಿಕ್ಕುವ ಇಎಸ್‌ಎಫ್‌ಆರ್ ಮಾದರಿಗೆ 914 ಮಿ.ಮೀ. ಈ ಮಾದರಿಯ ಸ್ಪ್ರಿಂಕ್ಲರ್ 8.8 ಮೀಟರಿನಲ್ಲಿದ್ದರೆ ಮಾಲಿನ ತಲೆ 7.88 ದಾಟುವಂತಿಲ್ಲ.

ಪ್ಯಾಲೆಟ್ ಸೇರಿ ಮಾಲಿನ ಎತ್ತರ 1.5 ಮೀಟರ್ ಎನ್ನಿ. ಎತ್ತಿ ಇಳಿಸಲು 10-13 ಸೆಂ.ಮೀ., ಬೀಮಿನ ದಪ್ಪ 12 ಸೆಂ.ಮೀ. ಹಂತಕ್ಕೆ 1.75 ಮೀಟರ್. ನೆಲದ ಮೇಲೊಂದು, ಬೀಮಿನ ಮೇಲೆ ಮೂರು, ನಾಲ್ಕನೆಯ ಪ್ಯಾಲೆಟ್ಟಿನ ತಲೆ 6.75ಕ್ಕೆ ಬರುತ್ತದೆ. ಐದನೆಯದು 8.5 ಆಗುತ್ತದೆ, ಆಗದು. ಮೇಲೆ ಒಂದು ಮೀಟರಿಗೂ ಹೆಚ್ಚು ಸುಮ್ಮನೆ ಬಿದ್ದಿರುತ್ತದೆ.

ಈಗ ಪ್ಯಾಲೆಟ್ಟಿನ ಎತ್ತರವನ್ನು 1.5ರಿಂದ 1.3ಕ್ಕೆ ಇಳಿಸಿ ನೋಡಿ. ಹಂತಕ್ಕೆ 1.55. ಐದನೆಯ ಪ್ಯಾಲೆಟ್ಟಿನ ತಲೆ 7.5. ಹಿಡಿಸುತ್ತದೆ. ಮರದ 15 ಸೆಂ.ಮೀ. ಕಳೆದರೆ ಮೊದಲು ಸಿಗುತ್ತಿದ್ದ ಮಾಲಿನ ಎತ್ತರ 4 × 1.35, ಅಂದರೆ 5.4 ಮೀಟರ್. ಈಗ 5 × 1.15, 5.75 ಮೀಟರ್. ಪ್ರತಿ ಪ್ಯಾಲೆಟ್ಟಿನಲ್ಲಿ ಒಂದು ವರಸೆ ಪೆಟ್ಟಿಗೆ ಕಡಿಮೆ ಇಟ್ಟು, ಒಟ್ಟಿನಲ್ಲಿ ಶೇ 6ರಷ್ಟು ಹೆಚ್ಚು ಮಾಲು. ಆದರೆ 1.2ಕ್ಕೆ ಇಳಿಸಿದರೆ ಐದೇ ಹಂತ ಉಳಿದು 5.25ಕ್ಕೆ ಕುಸಿಯುತ್ತದೆ. ಇದು ಅಂದಾಜಿನಲ್ಲಿ ಹೇಳುವ ವಿಷಯವಲ್ಲ, ನಿಮ್ಮ ಶೆಡ್ಡಿಗೆ ನೀವೇ ಕಾಗದದ ಮೇಲೆ ಮಾಡಬೇಕಾದ ಲೆಕ್ಕ. ಕಂಬದ ತೂತುಗಳು 50 ಅಥವಾ 75 ಮಿ.ಮೀ.ಗೆ ಒಂದರಂತೆ ಇರುತ್ತವೆ, ಹಂತವೂ ಅದರ ಗುಣಕದಲ್ಲೇ ಬರಬೇಕು.

ನೆಲ

ಬಾಡಿಗೆ ಕರಾರಿನಲ್ಲಿ 'ನೆಲದ ಸಾಮರ್ಥ್ಯ ಚದರ ಮೀಟರಿಗೆ 5 ಟನ್' ಎಂದಿರುತ್ತದೆ. ಅದು ಸಮನಾಗಿ ಹರಡಿದ ಭಾರದ ಮಾತು. ರ‍್ಯಾಕ್ ಭಾರವನ್ನು ಹರಡುವುದಿಲ್ಲ, ಕಂಬದ ಬುಡಕ್ಕೆ ತಂದು ಸುರಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಪ್ಯಾಲೆಟ್ 800 ಕೆ.ಜಿ. ಇದ್ದರೆ ಮೂರು ಬೀಮ್ ಹಂತ, ಹಂತಕ್ಕೆ ಎರಡು, ಒಟ್ಟು 4.8 ಟನ್. ನಡುವಿನ ಒಂದು ಫ್ರೇಮ್, ಅಂದರೆ ಹಿಂದೆ ಮುಂದೆ ನಿಂತ ಎರಡು ಕಂಬಗಳ ಜೋಡಿ, ಎರಡೂ ಬದಿಯ ಅರ್ಧರ್ಧ ಅಂಕಣ ಹೊರುವುದರಿಂದ ಅದರ ಮೇಲೆ ಅಷ್ಟೂ ಬೀಳುತ್ತದೆ, ಕಾಲಿಗೆ 2.4 ಟನ್. ಕಾಲಿನ ಕೆಳಗಿನ ತಗಡು, ಅಂದರೆ ಬೇಸ್ ಪ್ಲೇಟ್, 120 × 120 ಮಿ.ಮೀ. ಆದರೆ ಅದು ಚದರ ಮೀಟರಿಗೆ 167 ಟನ್ ಲೆಕ್ಕ. ಬೆನ್ನಿಗೆ ಬೆನ್ನು ನಿಂತ ಸಾಲಿನಲ್ಲಿ ಎರಡು ಕಾಲು ಪಕ್ಕಪಕ್ಕ ಬರುತ್ತವೆ, ಅಲ್ಲಿ 4.8 ಟನ್. 150 ಮಿ.ಮೀ. ದಪ್ಪದ, ಕಬ್ಬಿಣ ಹಾಕಿದ, ಕೆಳಗೆ ಚೆನ್ನಾಗಿ ದಿಮ್ಮಿಸಿದ ನೆಲ ಇದನ್ನು ತಡೆಯಬಹುದು. ಹಳೆಯ ಶೆಡ್ಡಿನ 100 ಮಿ.ಮೀ. ಸಾದಾ ಕಾಂಕ್ರೀಟು ತಡೆಯದೆಯೂ ಇರಬಹುದು. ಮೂಲೆಯಲ್ಲಿ ಕಾಂಕ್ರೀಟಿನ ಒಂದು ಉರುಳೆ ತುಂಡು (ಕೋರ್) ಕೊರೆದು ದಪ್ಪ ನೋಡಿ, ರಚನಾ ಎಂಜಿನಿಯರ್ ಹತ್ತಿರ ಕಾಲಿನ ಭಾರ ಹೇಳಿ ಕೇಳಿ. ಇದಕ್ಕಾಗುವ ಖರ್ಚು ರ‍್ಯಾಕಿನ ಬೆಲೆಯ ಮುಂದೆ ಏನೂ ಅಲ್ಲ.

ನೆಲ ಒಂದು ಕಡೆ ತಗ್ಗಿದರೆ ಕಂಬ ವಾಲುತ್ತದೆ. ಸೆಲೆಕ್ಟಿವ್ ರ‍್ಯಾಕಿಗೆ ಯುರೋಪಿನ ಮಾನದಂಡ ಇಎನ್ 15620 ಹೇಳುವ ಮಿತಿ ಎತ್ತರದ 350ನೇ ಒಂದು ಭಾಗ. 7 ಮೀಟರ್ ಕಂಬಕ್ಕೆ 20 ಮಿ.ಮೀ. ತೂಗುಗುಂಡು ಬಿಟ್ಟು ನೋಡಿದರೆ ಸಾಕು. ಸಣ್ಣ ಏರುಪೇರಿಗೆ ಬೇಸ್ ಪ್ಲೇಟಿನ ಕೆಳಗೆ ಉಕ್ಕಿನ ತೆಳು ತಗಡು (ಶಿಮ್) ಇಡುತ್ತಾರೆ. ಹಲಗೆ ಚೂರು, ರಟ್ಟು ಇಡುವುದನ್ನು ಕಂಡರೆ ಕೆಲಸ ನಿಲ್ಲಿಸಿ. ಪ್ರತಿ ಕಾಲಿಗೂ ಆಂಕರ್ ಬೋಲ್ಟ್ ಬೀಳಬೇಕು, ನೆಲದ ಜಾಯಿಂಟಿಗೆ ಅಂಟಿಕೊಂಡು ಅಲ್ಲ. ರ‍್ಯಾಕನ್ನು ಗೋಡೆಗೋ ಶೆಡ್ಡಿನ ಕಂಬಕ್ಕೋ ಕಟ್ಟಿಹಾಕಬೇಡಿ. ಹಾಗೆ ಕಟ್ಟಲೇಬೇಕಾದರೆ ಕಟ್ಟಡದ ಎಂಜಿನಿಯರ್ ಅದಕ್ಕಾಗಿಯೇ ಲೆಕ್ಕ ಹಾಕಿರಬೇಕು.

ಈಗ ರ‍್ಯಾಕ್

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಐಟಂಗಳು ಹೆಚ್ಚಿದ್ದು, ಒಂದೊಂದರಲ್ಲಿ ಹತ್ತಕ್ಕಿಂತ ಕಡಿಮೆ ಪ್ಯಾಲೆಟ್ ಇರುವ ಮಧ್ಯಮ ಗೋದಾಮಿಗೆ ಸಾದಾ ಸೆಲೆಕ್ಟಿವ್ ರ‍್ಯಾಕೇ ಸರಿ. ಪ್ರತಿ ಪ್ಯಾಲೆಟ್ಟೂ ನೇರ ಕೈಗೆ ಸಿಗುತ್ತದೆ, ಹಂತ ಬದಲಿಸಬಹುದು, ಬಿಚ್ಚಿ ಬೇರೆ ಶೆಡ್ಡಿಗೆ ಒಯ್ಯಬಹುದು. ಜಾಗ ಸಾಲದಿದ್ದರೆ ಮೊದಲು ಗಾಡಿ ಬದಲಿಸಿ ಓಣಿ ಕಿರಿದು ಮಾಡುವ ಲೆಕ್ಕ ಹಾಕಿ. ಪ್ಯಾಲೆಟ್ಟುಗಳನ್ನು ಒಂದರ ಹಿಂದೆ ಒಂದು ಇಡುವ ದಟ್ಟ ರ‍್ಯಾಕಿನ ಕಡೆ ಅದಾದ ಮೇಲೆ ನೋಡಿ.

ಡ್ರೈವ್-ಇನ್ ರ‍್ಯಾಕಿನ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಡ್ರಾಯಿಂಗಿನಲ್ಲಿ ಅದರ ಪ್ಯಾಲೆಟ್ ಸಂಖ್ಯೆ ನೋಡಿ ಮನಸೋಲುವವರು ಬಹಳ. ಇದರಲ್ಲಿ ಬೀಮ್ ಇಲ್ಲ. ಎರಡು ಬದಿಯ ಕಂಬಗಳಿಂದ ಚಾಚಿದ ಹಳಿಗಳ ಮೇಲೆ ಪ್ಯಾಲೆಟ್ಟಿನ ಅಂಚು ಮಾತ್ರ ಕೂರುತ್ತದೆ, ಗಾಡಿಯೇ ಒಳಗೆ ಹೋಗುತ್ತದೆ. ಒಂದೇ ಬಾಗಿಲಿನ ಬಸ್ಸಿನ ಹಾಗೆ ಕೊನೆಗೆ ಹತ್ತಿದ್ದು ಮೊದಲು ಇಳಿಯುತ್ತದೆ. ಆರು ಆಳ, ನಾಲ್ಕು ಹಂತದ ಒಂದು ಸಂದಿಯಲ್ಲಿ 24 ಪ್ಯಾಲೆಟ್, ಎಲ್ಲವೂ ಒಂದೇ ಐಟಂ ಆಗಬೇಕು. ನಿಮ್ಮ ಲಾಟ್ 15 ಪ್ಯಾಲೆಟ್ಟಿನದಾದರೆ ಉಳಿದ 9 ಜಾಗ ಖಾಲಿ, ಬೇರೆ ಐಟಂ ಇಟ್ಟರೆ ಹಿಂದಿನದು ಸಿಕ್ಕಿಬೀಳುತ್ತದೆ. ಡ್ರಾಯಿಂಗ್ 24 ಎನ್ನುತ್ತದೆ, ನಿಮಗೆ ಸಿಕ್ಕಿದ್ದು 15. ಇದರ ಜತೆಗೆ ಪ್ಯಾಲೆಟ್ಟಿನ ಗುಣಮಟ್ಟ. ಅಂಚಿನ ಹಲಗೆ ಮುರಿದ ಪ್ಯಾಲೆಟ್ ಹಳಿಯ ಮೇಲಿಂದ ಜಾರಿ ಕೆಳಗೆ ಗಾಡಿಯಲ್ಲಿರುವವನ ಮೇಲೆ ಬೀಳುತ್ತದೆ. ಸಂದಿಯೊಳಗೆ ಗಾಡಿ ಓಡಾಡುವುದರಿಂದ ಕಂಬಕ್ಕೆ ಪೆಟ್ಟು ಕೂಡ ಇದರಲ್ಲೇ ಹೆಚ್ಚು. ಒಂದೇ ಐಟಂ ನೂರಾರು ಪ್ಯಾಲೆಟ್ ಬಂದು, ಒಟ್ಟಿಗೆ ಹೋಗುವ ಕಡೆ, ಹಂಗಾಮಿನ ದಾಸ್ತಾನು ಹಿಡಿದಿಡುವ ಕಡೆ, ಶೀತಲ ಕೋಣೆಯಲ್ಲಿ ಪ್ರತಿ ಘನ ಅಡಿಗೂ ಕರೆಂಟ್ ಬಿಲ್ ಕಟ್ಟುವ ಕಡೆ ಇದು ನಿಜಕ್ಕೂ ಒಳ್ಳೆಯದು.

ಪುಶ್-ಬ್ಯಾಕಿನಲ್ಲಿ ಗಾಡಿ ಒಳಗೆ ಹೋಗುವುದಿಲ್ಲ. ಇಳಿಜಾರು ಹಳಿಯ ಮೇಲಿನ ತಳ್ಳುಬಂಡಿಗಳ ಮೇಲೆ ಪ್ಯಾಲೆಟ್ಟನ್ನು ಹಿಂದಕ್ಕೆ ನೂಕುತ್ತಾರೆ. ಎರಡರಿಂದ ಐದಾರು ಆಳ, ಪ್ರತಿ ಹಂತವೂ ಬೇರೆ ಐಟಂ ಆಗಬಹುದು, ಹಾಗಾಗಿ ಡ್ರೈವ್-ಇನ್‌ಗಿಂತ ಪೋಲು ಕಡಿಮೆ. ಆದರೂ ಕೊನೆಯದೇ ಮೊದಲು. ಪ್ಯಾಲೆಟ್ ಫ್ಲೋನಲ್ಲಿ ಹಿಂದಿನಿಂದ ತುಂಬಿ ಮುಂದಿನಿಂದ ತೆಗೆಯುತ್ತಾರೆ, ಶೇ 3-4ರ ಇಳಿಜಾರಿನ ರೋಲರ್ ಮೇಲೆ ತಾನಾಗಿ ಹರಿಯುತ್ತದೆ, ಹಳೆಯದು ಮೊದಲು ಹೋಗುತ್ತದೆ. ಹಾಲಿನ ಉತ್ಪನ್ನ, ತಂಪು ಪಾನೀಯಕ್ಕೆ ಹೇಳಿ ಮಾಡಿಸಿದ್ದು. ಆದರೆ ಬ್ರೇಕ್ ರೋಲರ್ ಕೆಟ್ಟರೆ ಒಂದು ಟನ್ ಭಾರ ವೇಗವಾಗಿ ಬಂದು ಮುಂದಿನದಕ್ಕೆ ಗುದ್ದುತ್ತದೆ, ಕೆಳಹಲಗೆ ಸಡಿಲವಿದ್ದರೆ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಶಟಲ್ ರ‍್ಯಾಕ್ ಬ್ಯಾಟರಿ ಬಂಡಿಯಿಂದ ಇದೇ ಕೆಲಸ ಮಾಡುತ್ತದೆ. ಬಂಡಿ ಕೆಟ್ಟ ದಿನ ಏನು ಮಾಡುವುದು, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂದು ಕೇಳಿ ಬರೆಸಿಕೊಳ್ಳಿ. ಕ್ರೇನ್ ಇರುವ ಪೂರ್ಣ ಸ್ವಯಂಚಾಲಿತ ವ್ಯವಸ್ಥೆ ಮೂರು ಪಾಳಿ ಓಡುವ ಕಡೆಗೆ, ಇಲ್ಲಿ ಅದರ ಚರ್ಚೆ ಬೇಡ.

ಪೈಪ್, ಅಲ್ಯೂಮಿನಿಯಂ ಸೆಕ್ಷನ್, ಪ್ಲೈವುಡ್‌ಗೆ ಕ್ಯಾಂಟಿಲಿವರ್, ಅಂದರೆ ಕಂಬದಿಂದ ಮುಂದಕ್ಕೆ ತೋಳು ಚಾಚಿದ ರ‍್ಯಾಕ್. ತೋಳುಗಳ ಅಂತರ ಮಾಲು ಬಾಗದಷ್ಟು ಹತ್ತಿರ ಇರಲಿ. ಕೈಯಿಂದ ಎತ್ತುವ ಪೆಟ್ಟಿಗೆ, ಬಿಡಿಭಾಗಗಳಿಗೆ ಲಾಂಗ್‌ಸ್ಪ್ಯಾನ್ ಶೆಲ್ಫ್ ಸಾಕು. ದಿನಾ ಓಡುವ ಐಟಂ ನೆಲದಿಂದ 700ರಿಂದ 1400 ಮಿ.ಮೀ. ಎತ್ತರದಲ್ಲಿರಲಿ, ಬಗ್ಗದೆ, ಏಣಿ ಹತ್ತದೆ ಕೈಗೆ ಸಿಗುತ್ತದೆ. ಎರಡು ಪೆಟ್ಟಿಗೆಗಾಗಿ ರೀಚ್ ಟ್ರಕ್ ಕಾಯಿಸುವ ಗೋದಾಮುಗಳಿವೆ. ಅಲ್ಲಿ ಪ್ಯಾಲೆಟ್ ರ‍್ಯಾಕಿನ ಕೆಳಗಿನ ಹಂತವನ್ನೇ ಕೈಯಿಂದ ತೆಗೆಯುವ ಜಾಗ ಮಾಡಿ, ಮೇಲೆ ಅದೇ ಐಟಂನ ಮೀಸಲು ದಾಸ್ತಾನು ಇಟ್ಟರೆ ಗಾಡಿಯ ಓಡಾಟ ತಗ್ಗುತ್ತದೆ.

ರ‍್ಯಾಕ್ ಬೇಡವೆನ್ನಬೇಕಾದ ಕಡೆಯೂ ಉಂಟು. ಧಾನ್ಯದ 50 ಕೆ.ಜಿ. ಮೂಟೆ ಆರು ತಿಂಗಳು ಕದಲದೆ ಕೂರುವುದಾದರೆ ನೆಲದ ತೇವ ತಾಗದಂತೆ ಕೆಳಗೆ ಹಾಸುವ ಡನ್ನೇಜ್ ಹಲಗೆಯ ಮೇಲೆ ನಿಟ್ಟು ಹಾಕುವುದೇ ಅಗ್ಗ. ಗೋಡೆಯಿಂದ ಮುಕ್ಕಾಲು ಮೀಟರಾದರೂ ಬಿಡಿ, ಹುಳುವಿಗೆ ಹೊಗೆ ಹಾಕುವಾಗ ನಿಟ್ಟಿನ ಸುತ್ತ ಹೊದಿಕೆ ಇಳಿಬಿಟ್ಟು ಅಂಚನ್ನು ಮರಳು ಚೀಲದಿಂದ ಮುಚ್ಚಲು ಅಷ್ಟು ಜಾಗ ಬೇಕೇ ಬೇಕು. ಬ್ಯಾಡಗಿ ಸುತ್ತಲಿನ ಮೆಣಸಿನಕಾಯಿ ಶೀತಲಗೃಹಗಳ ವಿಷಯ ಇನ್ನೊಂದು ಬಗೆ. ಮೆಣಸಿನಕಾಯಿ ಹಗುರ, ಒತ್ತಿದರೆ ಪುಡಿಯಾಗುತ್ತದೆ, ರೈತರ ಹೆಸರಿನಲ್ಲಿ ಸಣ್ಣ ಸಣ್ಣ ಲಾಟ್ ಇರುತ್ತದೆ. ಅಲ್ಲಿ ಚೀಲದ ಮೇಲೆ ಚೀಲದ ಭಾರ ಬೀಳದಂತೆ ಹಂತಗಳು ಬೇಕು, ಹಂತದ ಹಾಸು ತಂಪು ಗಾಳಿ ಹಾಯುವ ಹಾಗೆ ಸಂದು ಬಿಟ್ಟಿರಬೇಕು. ಮುಚ್ಚಿದ ಹಾಸು ಹಾಕಿದರೆ ಒಂದು ಮೂಲೆ ತಂಪಾಗುವುದಿಲ್ಲ, ಅಲ್ಲೇ ಬೂಸ್ಟು ಹಿಡಿಯುತ್ತದೆ.

ಕೆಡುವುದು ಎಲ್ಲಿ

ರ‍್ಯಾಕ್ ತಾನಾಗಿ ಬೀಳುವುದು ಅಪರೂಪ. ಬೀಳಿಸುವ ಕೆಲಸ ಮೂರ‍್ನಾಲ್ಕು ದಾರಿಯಿಂದ ನಡೆಯುತ್ತದೆ.

ಮೊದಲನೆಯದು ಕೆಳಗಿನ ಬೀಮನ್ನು ಮೇಲಕ್ಕೆ ಸರಿಸುವುದು. ದೊಡ್ಡ ಮಾಲು ಬಂತು, ಮೊದಲ ಬೀಮನ್ನು 1.5ರಿಂದ 2 ಮೀಟರಿಗೆ ಏರಿಸಿದರು. ಹೊರುವ ಭಾರ ಅದೇ, ಆದರೆ ಕಂಬ ಬಾಗುವುದನ್ನು ತಡೆಯುತ್ತಿದ್ದ ಹಿಡಿತ ದೂರ ಹೋಯಿತು. ಹಿಡಿತವಿಲ್ಲದ ಉದ್ದ ಹೆಚ್ಚಿದಂತೆ ಕಂಬದ ಸಾಮರ್ಥ್ಯ ಬೇಗ ಕುಸಿಯುತ್ತದೆ. ಸಾಲಿನ ತುದಿಯಲ್ಲಿ ತೂಗುಹಾಕಿದ ಭಾರದ ಫಲಕ ಹಳೆಯ ಎತ್ತರಕ್ಕೆ ಬರೆದದ್ದು. ಬೀಮ್ ಸರಿಸಿದ ಕ್ಷಣ ಅದು ಸುಳ್ಳಾಯಿತು. ಸರಿಸುವ ಮೊದಲು ತಯಾರಕರಿಂದ ಹೊಸ ಲೆಕ್ಕ ಬರೆಸಿ ತರಿಸಿ.

ಎರಡನೆಯದು ಬೀಮಿನ ತುದಿಯ ಸೇಫ್ಟಿ ಪಿನ್. ಬೆರಳಷ್ಟು ಗಾತ್ರ, ಬೆಲೆ ಕೆಲವೇ ರೂಪಾಯಿ. ಬೀಮ್ ಕಂಬದ ತೂತಿಗೆ ಕೊಕ್ಕೆಯಿಂದ ಸಿಕ್ಕಿಕೊಂಡಿರುತ್ತದೆ. ಕೆಳಗಿನ ಪ್ಯಾಲೆಟ್ ತೆಗೆಯುವಾಗ ಫೋರ್ಕ್ ಹೆಚ್ಚು ಎತ್ತಿದರೆ ಮೇಲಿನ ಬೀಮ್ ಕೊಕ್ಕೆ ಬಿಟ್ಟು ಏಳುತ್ತದೆ. ಏಳದಂತೆ ಹಿಡಿಯುವುದು ಆ ಪಿನ್. ಎಷ್ಟು ಬೀಮ್ ಇದೆಯೋ ಅದರ ಎರಡರಷ್ಟು ಪಿನ್ ಇರಬೇಕು. ಎಣಿಸಿ.

ಮೂರನೆಯದು ಪ್ಯಾಲೆಟ್ ಇಡುವ ದಿಕ್ಕು. 1200ರ ಉದ್ದದ ದಿಮ್ಮಿಗಳು ಮುಂದಿನ ಬೀಮಿನಿಂದ ಹಿಂದಿನ ಬೀಮಿಗೆ ಸೇತುವೆಯಾಗಿ ನಿಲ್ಲಬೇಕು. ಅಡ್ಡ ತಿರುಗಿಸಿ ಇಟ್ಟರೆ ಭಾರವೆಲ್ಲ ತೆಳು ಹಲಗೆಯ ಮೇಲೆ, ಅದು ಮುರಿದು ಪ್ಯಾಲೆಟ್ ಬೀಮುಗಳ ನಡುವೆ ಕೆಳಗಿಳಿಯುತ್ತದೆ. ಅಡ್ಡವೇ ಇಡಬೇಕಾದ ಮಾಲಿದ್ದರೆ ಆಸರೆ ಪಟ್ಟಿ ಮೊದಲೇ ಹಾಕಿಸಿ. ಭಾರ ಹೊತ್ತ ಬೀಮ್ ಸ್ವಲ್ಪ ಬಾಗುವುದು ಸಹಜ, ಮಿತಿ ಉದ್ದದ 200ನೇ ಒಂದು ಭಾಗ. 2300ಕ್ಕೆ 11.5 ಮಿ.ಮೀ. ದಾರ ಎಳೆದು ಅಳೆಯಿರಿ. ಭಾರ ಇಳಿಸಿದ ಮೇಲೂ ಬಾಗಿಯೇ ಇದ್ದರೆ ಆ ಬೀಮ್ ತೆಗೆದು ಹೊರಗಿಡಿ.

ಇನ್ನು ಕಂಬಕ್ಕೆ ಗಾಡಿ ಬಡಿಯುವುದು. ಮೂಲೆಯ ಕಂಬಗಳ ಮುಂದೆ ಕನಿಷ್ಠ 400 ಮಿ.ಮೀ. ಎತ್ತರದ ರಕ್ಷಣೆ ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿ. ಪೆಟ್ಟು ಬಿದ್ದಿದ್ದರೆ ಒಂದು ಮೀಟರಿನ ನೇರ ಉಕ್ಕಿನ ಪಟ್ಟಿಯನ್ನು ಕಂಬಕ್ಕೆ ಆನಿಸಿ ನಡುವಿನ ಸಂದು ಅಳೆಯಿರಿ. ಯುರೋಪಿನ ಇನ್ನೊಂದು ಮಾನದಂಡ ಇಎನ್ 15635 ಪ್ರಕಾರ ಬೀಮಿನ ದಿಕ್ಕಿಗೆ ಬಾಗಿದ್ದರೆ 5 ಮಿ.ಮೀ., ರ‍್ಯಾಕಿನ ಆಳದ ದಿಕ್ಕಿಗೆ 3 ಮಿ.ಮೀ., ಫ್ರೇಮಿನ ಓರೆಪಟ್ಟಿಗೆ 10 ಮಿ.ಮೀ. ಮಿತಿ. ಮಿತಿ ಮೀರಿದರೆ ಅದು ಖಾಲಿಯಾದ ಮೇಲೆ ದುರಸ್ತಿಯಾಗುವ ತನಕ ಮತ್ತೆ ತುಂಬಬೇಡಿ. ಮಿತಿಯ ಎರಡರಷ್ಟು ದಾಟಿದ್ದರೆ ಆ ಕ್ಷಣವೇ ಖಾಲಿ ಮಾಡಿಸಿ, ಪಕ್ಕದ ಎರಡೂ ಅಂಕಣ ಸೇರಿಸಿ, ಏಕೆಂದರೆ ಆ ಕಂಬ ಎರಡಕ್ಕೂ ಸೇರಿದ್ದು. ಈ ಪರೀಕ್ಷೆಗೆ ಒಬ್ಬರ ಹೆಸರು ಗೊತ್ತುಮಾಡಿ, ವಾರಕ್ಕೊಮ್ಮೆ ಸುತ್ತು ಹಾಕಿ ಪುಸ್ತಕದಲ್ಲಿ ಬರೆಯಲಿ. ವರ್ಷಕ್ಕೊಮ್ಮೆ ಹೊರಗಿನ ತಜ್ಞರು ನೋಡಲಿ. ಗುದ್ದಿದ್ದನ್ನು ತಾನಾಗಿ ಬಂದು ಹೇಳಿದ ಆಪರೇಟರಿಗೆ ದಂಡ ಹಾಕುವ ಗೋದಾಮಿನಲ್ಲಿ ಯಾವ ಗುದ್ದೂ ವರದಿಯಾಗುವುದಿಲ್ಲ.

ಬೆಂಕಿಯ ಬಗ್ಗೆ ಒಂದು ಮಾತು. ಪ್ಯಾಲೆಟ್ಟುಗಳ ನಡುವಿನ 75 ಮಿ.ಮೀ. ಮತ್ತು ಬೆನ್ನ ಹಿಂದಿನ 150 ಮಿ.ಮೀ. ಸಂದುಗಳು ಪೋಲಾದ ಜಾಗವಲ್ಲ. ಬೆಂಕಿಯ ಬಿಸಿ ಆ ದಾರಿಯಲ್ಲೇ ನೇರ ಮೇಲೇರಿ ಸ್ಪ್ರಿಂಕ್ಲರ್ ಒಡೆಯುತ್ತದೆ, ನೀರೂ ಅದೇ ದಾರಿಯಲ್ಲಿ ಕೆಳಗಿಳಿಯುತ್ತದೆ. 1000 ಮಿ.ಮೀ. ಆಳದ ಫ್ರೇಮಿನ ಮೇಲೆ 1200ರ ಪ್ಯಾಲೆಟ್ ಹಿಂದಕ್ಕೂ 100 ಚಾಚುವುದರಿಂದ, ಎರಡು ಸಾಲು ಜೋಡಿಸುವ ಸ್ಪೇಸರ್ 350 ಮಿ.ಮೀ. ಇದ್ದರೆ ಮಾತ್ರ ಆ 150 ಉಳಿಯುತ್ತದೆ. 200ರ ಸ್ಪೇಸರ್ ಹಾಕಿದರೆ ಪ್ಯಾಲೆಟ್ಟುಗಳು ಬೆನ್ನಿಗೆ ಬೆನ್ನು ತಾಗುತ್ತವೆ. ಹಂತಗಳ ಮೇಲೆ ಇಡಿಯ ಪ್ಲೈವುಡ್ ಹಾಸಿದರೂ ಕೆಳಗಿನ ಹಂತಕ್ಕೆ ನೀರು ತಲುಪುವುದಿಲ್ಲ, ತಂತಿ ಜಾಲರಿ ಹಾಸಿ.

ಸಭೆಯಿಂದ ಬಂದ ಒಂದು ಪ್ರಶ್ನೆ: ಹಳೆಯ ರ‍್ಯಾಕ್ ಅರ್ಧ ಬೆಲೆಗೆ ಸಿಗುತ್ತದೆ, ಕೊಳ್ಳಬಹುದೇ?

ತಯಾರಕರು ಯಾರು, ಯಾವ ಮಾಡೆಲ್ ಎಂದು ಗೊತ್ತಿದ್ದು, ಅವರಿಂದ ಭಾರದ ಪಟ್ಟಿ ಸಿಗುವುದಾದರೆ ಕೊಳ್ಳಬಹುದು. ಅದಿಲ್ಲದಿದ್ದರೆ ಬೇಡ. ಒಂದೇ ಅಳತೆಯ ಎರಡು ಕಂಬ ನೋಡಲು ಒಂದೇ ಥರ ಇದ್ದು, ಒಂದರ ತಗಡು 1.6, ಇನ್ನೊಂದರದು 2 ಮಿ.ಮೀ. ಇರಬಹುದು, ಉಕ್ಕಿನ ದರ್ಜೆ ಬೇರೆ ಇರಬಹುದು. ವರ್ನಿಯರ್ ಕ್ಯಾಲಿಪರ್ ಮತ್ತು ಮೀಟರ್ ಪಟ್ಟಿ ಕೈಯಲ್ಲಿ ಹಿಡಿದು ಹೋಗಿ, ಒಂದೊಂದು ಕಂಬವನ್ನೂ ನೆಲದ ಮೇಲೆ ಮಲಗಿಸಿ ನೋಡಿ. ತೂತಿನ ಅಂಚು ಹಿಗ್ಗಿದ್ದರೆ, ಕೊಕ್ಕೆ ಸವೆದಿದ್ದರೆ, ಬೇಸ್ ಪ್ಲೇಟ್ ಬಳಿ ತುಕ್ಕು ಪದರವಾಗಿ ಏಳುತ್ತಿದ್ದರೆ ಬಿಡಿ. ಕಾಯಿಸಿ ನೇರ ಮಾಡಿದ, ವೆಲ್ಡ್ ಹಾಕಿ ಮೇಲೆ ಹೊಸ ಬಣ್ಣ ಬಳಿದ ಕಂಬವಿದ್ದರೆ ಆ ಲಾಟನ್ನೇ ಬಿಡಿ. ಒಂದು ಕಂಪನಿಯ ಕಂಬಕ್ಕೆ ಇನ್ನೊಂದು ಕಂಪನಿಯ ಬೀಮ್ ಕೂತಂತೆ ಕಂಡರೂ ಕೊಕ್ಕೆ ಪೂರ್ತಿ ಕಚ್ಚಿರುವುದಿಲ್ಲ, ಅದನ್ನೂ ಒಪ್ಪಬೇಡಿ. ಸರಿಯೆನಿಸಿದ ಲಾಟ್ ಸಿಕ್ಕಿದರೆ ಬೀಮ್, ಫ್ರೇಮ್ ಹಳೆಯವು ಇರಲಿ. ಆಂಕರ್ ಬೋಲ್ಟ್, ಸೇಫ್ಟಿ ಪಿನ್, ಕಂಬದ ರಕ್ಷಣೆ ಮಾತ್ರ ಹೊಸದನ್ನೇ ಕೊಳ್ಳಿ.